ಕೆಡ್ಡಸದ ತೋಟ

ಪಕ್ಕದ ಮನೆಯ ದೇಯಿಯ ಕರು ಹಗ್ಗ ಬಿಡಿಸಿಕೊಂಡದ್ದು ಬೆಳಗ್ಗೆ ಐದೂವರೆಗೆ. ಆರೂವರೆಗೆ ನಂಜುಂಡಯ್ಯನವರು ತಂಬಿಗೆ ಹಿಡಿದು ಹಿತ್ತಲಿಗೆ ಬಂದಾಗ ಅವರ ತೋಟದಲ್ಲಿ ಉಳಿದದ್ದು ಕೋಲಿಗೆ ಸಿಕ್ಕಿಸಿದ ಒಂದು ಚೀಟಿ ಮಾತ್ರ. ಅದರಲ್ಲಿ 'ಹರಿವೆ, ೬ನೇ ಜನವರಿ' ಎಂದು ಅವರದೇ ದುಂಡು ಅಕ್ಷರದಲ್ಲಿ ಬರೆದಿತ್ತು. ಹರಿವೆ ಇರಲಿಲ್ಲ. ಬೆಂಡೆ, ಅಲಸಂಡೆ, ಮುಳ್ಳುಸೌತೆಯ ಬಳ್ಳಿ, ಬಸಳೆಯ ಚಪ್ಪರದ ಕೆಳಗಿನ ಅರ್ಧ, ಯಾವುದೂ ಇರಲಿಲ್ಲ. ಕರು ನಡುವೆ ನಿಂತು, ಮದುವೆಯೂಟ ಮುಗಿಸಿದ ಬೀಗರ ಹಾಗೆ ನಿಧಾನವಾಗಿ ಬಾಯಾಡಿಸುತ್ತಿತ್ತು.

ಬೇರೆ ದಿನವಾಗಿದ್ದರೆ ಅವರು ಕರುವಿನ ಬೆನ್ನು ಸವರಿ, ಇನ್ನೊಮ್ಮೆ ಬೀಜ ಹಾಕಿದರಾಯಿತು ಎಂದು ನಕ್ಕುಬಿಡುತ್ತಿದ್ದರು. ಅಷ್ಟು ಒಳ್ಳೆಯ ಮನುಷ್ಯ. ಆದರೆ ಆ ಭಾನುವಾರ ಸಾಯಂಕಾಲ ನಾಲ್ಕು ಗಂಟೆಗೆ ಅವರ ಕಂಪೆನಿಯ ಮ್ಯಾನೇಜರು ವಿಲ್ಮಟ್ ದೊರೆ ಇದೇ ತೋಟವನ್ನು ನೋಡಲು ಬರುವವರಿದ್ದರು.

ನಂಜುಂಡಯ್ಯನವರು ಒಂದು ಕಾಫಿ ಕಂಪೆನಿಯ ಗುಮಾಸ್ತರು. ಇಪ್ಪತ್ತು ವರ್ಷ ಅದರ ಊಟಿ ಶಾಖೆಯಲ್ಲಿ ಚಳಿಗೆ ಮುದುಡಿ, ಉಬ್ಬಸಕ್ಕೆ ಗೋಡೆಗೊರಗಿ ಕುಳಿತೇ ರಾತ್ರಿಗಳನ್ನು ಕಳೆದವರು. ಡಾಕ್ಟರು ಇನ್ನೊಂದು ಚಳಿಗಾಲ ಇಲ್ಲಿದ್ದರೆ ನಾನು ಜವಾಬ್ದಾರನಲ್ಲ ಎಂದ ಮೇಲೆ, ಕಾಡಿ ಬೇಡಿ, ಮೂವತ್ತನಾಲ್ಕನೆಯ ಇಸವಿಯ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದು ಪಡೀಲಿನಲ್ಲಿ ಲೋಕನಾಥ ಶೆಟ್ಟರ ಬಾಡಿಗೆಮನೆ ಹಿಡಿದಿದ್ದರು. ಊರಿನವರೆಲ್ಲ ಸೆಕೆ, ಸೆಕೆ ಎಂದು ಬೈಯುತ್ತಿದ್ದರೆ ಇವರು ಅಂಗಿ ಬಿಚ್ಚಿ ಜಗಲಿಯಲ್ಲಿ ಕುಳಿತು, ಬೆವರು ಒರೆಸಿಕೊಳ್ಳುತ್ತ, ದೇವರಿಗೆ ಕೈಮುಗಿಯುತ್ತಿದ್ದರು. ವಾರದೊಳಗೆ ಉಬ್ಬಸ ಹೋಯಿತು. ಮಲಗಿ ನಿದ್ದೆ ಮಾಡುವುದು ಇಷ್ಟು ಸುಖವೆಂದು ಅವರಿಗೆ ನಲವತ್ತೆಂಟನೆಯ ವಯಸ್ಸಿನಲ್ಲಿ ತಿಳಿಯಿತು.

ಉಸಿರು ಬಂದ ಮೇಲೆ ಕೈ ಸುಮ್ಮನಿರಲಿಲ್ಲ. ಊಟಿಯಲ್ಲಿ ಹದಿನೈದು ದಿನ ಯೋಚಿಸಿ ಮೊಳೆಯುತ್ತಿದ್ದ ಬೀಜ ಇಲ್ಲಿ ಮೂರನೆಯ ದಿನ ತಲೆಯೆತ್ತಿತು. ತೋಟದ ಹಿಂದೆಯೇ ಜೀವಜಂತುಗಳೂ ಬಂದವು. ಹೆಬ್ಬೆರಳಿನಷ್ಟು ಸೂರಕ್ಕಿ ದಾಸವಾಳಕ್ಕೆ ತಲೆಕೆಳಗಾಗಿ ಜೋತುಬಿದ್ದದ್ದನ್ನು ಅವರು ಕಚೇರಿಯ ಹೊತ್ತು ಮೀರುವವರೆಗೆ ನೋಡಿದರು. ತೆಂಗಿನ ಮರದಿಂದ ಮರಕ್ಕೆ ಒಂದು ಓತಿ ರೆಕ್ಕೆ ಬಿಚ್ಚಿ ಹಾರಿದ ದಿನ ಹೆಂಡತಿ ಪುಟ್ಟತಾಯಮ್ಮನನ್ನು ಒಗೆಯುವ ಬಟ್ಟೆ ಸಮೇತ ಎಳೆದು ತಂದು ತೋರಿಸಿದರು. ಬೆಂಡೆಯ ಸಾಲಿನಲ್ಲಿ ಕೇರೆಹಾವು ಕಂಡು ಕಿರುಚಿದಾಗ, ಗೋಡೆಯಾಚೆಯ ದೇಯಿ ಬಂದು, ಅದು ಇಲಿ ಹಿಡಿಯಲು ಬಂದದ್ದು, ನಿಮ್ಮನ್ನಲ್ಲ ಎಂದು ಸಮಾಧಾನ ಹೇಳಿದಳು. ಮಾರನೆಯ ದಿನದಿಂದ ಅವರು ಹಾವಿಗೂ ದಾರಿ ಬಿಟ್ಟು ನಡೆದರು.

ಇಷ್ಟು ಸುಖ ಯಾರಿಗೆ ನಿಲ್ಲುತ್ತದೆ? ಜನವರಿಯ ಕೊನೆಗೆ ಊಟಿ ಶಾಖೆಯಲ್ಲಿ ಒಬ್ಬ ಗುಮಾಸ್ತ ಕಡಿಮೆಯಾದ. ಇಲ್ಲಿಂದ ಒಬ್ಬರನ್ನು ಕಳಿಸಬೇಕು. ಒಂದೋ ನಂಜುಂಡಯ್ಯ, ಇಲ್ಲವೇ ಸೆಕೆ ತಾಳದೆ ಊಟಿಗೆ ಹೋಗಲು ತುದಿಗಾಲಲ್ಲಿ ನಿಂತಿದ್ದ ಚಿತ್ತರಂಜನ ಎಂಬ ಎಳೆಯ ಗುಮಾಸ್ತ. ದೊರೆ ಯಾವುದನ್ನೂ ಬಾಯಿಬಿಟ್ಟು ಹೇಳಿರಲಿಲ್ಲ. ನಂಜುಂಡಯ್ಯನವರು ರಾತ್ರಿಯೆಲ್ಲ ಯೋಚಿಸಿ ಒಂದು ಉಪಾಯ ಹೂಡಿದರು. ತನ್ನ ತೋಟವನ್ನು ದೊರೆ ಕಣ್ಣಾರೆ ಕಂಡರೆ, ಈ ಮನುಷ್ಯ ಇಲ್ಲಿ ಬೇರುಬಿಟ್ಟಿದ್ದಾನೆ, ಇವನನ್ನು ಕೀಳಬಾರದು ಎಂದು ಅವರಿಗೇ ಅನ್ನಿಸುತ್ತದೆ. ಹಾಗೆಂದು ವಿನಯದಿಂದ ಚಹಾಕ್ಕೆ ಕರೆದಿದ್ದರು. ದೊರೆ ಭಾನುವಾರ ನಾಲ್ಕಕ್ಕೆ ಬರುತ್ತೇನೆ ಎಂದಿದ್ದರು.

ಈಗ ತೋಟ ಕರುವಿನ ಹೊಟ್ಟೆಯಲ್ಲಿತ್ತು.

ಆದರೂ ಜಗಲಿಯ ಮೇಲೆ ಎರಡು ಹಳೆಯ ಪೆಟ್ಟಿಗೆಗಳಲ್ಲಿ ಚೆಂಡುಹೂವಿನ, ಬದನೆಯ ಸಸಿಗಳಿದ್ದವು. ದೊರೆ ಬರಲು ಇನ್ನೂ ಒಂಬತ್ತು ಗಂಟೆಗಳ ಅವಧಿ ಇತ್ತು. ನಂಜುಂಡಯ್ಯನವರು ಪಂಚೆ ಎತ್ತಿ ಕಟ್ಟಿ, ಗುದ್ದಲಿ ತಂದು, ಬಲವಾಗಿ ಒಂದು ಏಟು ಹಾಕಿದರು. ಎರಡನೆಯ ಏಟಿಗೆ ಎತ್ತಿದ ಗುದ್ದಲಿ ಕೆಳಗೆ ಬರಲಿಲ್ಲ. ಹಿಂದಿನಿಂದ ದೇಯಿ ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು.

"ಎಂತ ಮಾಡ್ತೀರಿ ಅಯ್ಯಾ? ಇವತ್ತು ಕೆಡ್ಡಸ."

"ಕೆಡ್ಡಸ ಅಂದ್ರೇನಮ್ಮಾ? ನಿನ್ನ ಕರು ಮಾಡಿರೋ ಕೆಲಸ ನೋಡು, ಬಿಡು ಗುದ್ದಲಿ."

"ಕರು ತಿಂದದ್ದು ತಪ್ಪು. ಆದ್ರೆ ಇವತ್ತಿಂದ ಮೂರು ದಿನ ಭೂಮಿತಾಯಿ ಮುಟ್ಟಾಗಿ ಮಲಗಿದ್ದಾಳೆ. ಮಲಗಿದ ಹೆಂಗಸಿನ ಮೈಗೆ ಯಾರಾದ್ರೂ ಗುದ್ದಲಿ ಹಾಕ್ತಾರಾ?"

ನಂಜುಂಡಯ್ಯನವರು ಗುದ್ದಲಿ ಬಿಟ್ಟರು. ಅವರು ಅಗೆದ ಒಂದೇ ಒಂದು ಗುಳಿಯನ್ನು ದೇಯಿ ಅಂಗೈಯಿಂದ ಸವರಿ ಮುಚ್ಚಿ, ಮನೆಗೆ ಓಡಿಹೋಗಿ ಎಣ್ಣೆ ತಂದು ನಾಲ್ಕು ತೊಟ್ಟು ಬಿಟ್ಟು, ಮಗುವಿನ ಗಾಯಕ್ಕೆ ಮಾಡುವಂತೆ ಬಾಯಲ್ಲಿ ಏನೋ ಹೇಳಿದಳು. ಹೋಗುವಾಗ ಗುದ್ದಲಿಯನ್ನೂ ತೆಗೆದುಕೊಂಡು ಹೋದಳು.

ಸುದ್ದಿ ಹಬ್ಬಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಎಂಟು ಗಂಟೆಗೆ ಹಿತ್ತಲಲ್ಲಿ ಸಭೆ ಕೂಡಿತು. ಶೆಟ್ಟರು ಬಂದರು, ಅವರ ಹೆಂಡತಿ ಗುಲಾಬಿಯಕ್ಕ ಬಂದರು, ಶೆಟ್ಟರ ಗದ್ದೆ ನೋಡಿಕೊಳ್ಳುವ ಮುದುಕ ಚನಿಯಣ್ಣ ಬಂದ. ಬಿತ್ತನೆ, ಕೊಯ್ಲು, ಕಟ್ಟುಪಾಡು, ಇವುಗಳಲ್ಲಿ ಚನಿಯಣ್ಣ ಹೇಳಿದ್ದೇ ಆ ಬೀದಿಗೆ ಕಾನೂನು. ನಂಜುಂಡಯ್ಯನವರು ತಮ್ಮ ಕಷ್ಟವನ್ನೆಲ್ಲ ತೋಡಿಕೊಂಡರು. ಗುದ್ದಲಿ ಬೇಡ, ಚಾಕುವಿನಿಂದ ಸಣ್ಣ ತೂತು ಮಾಡಲೇ ಎಂದು ಕೇಳಿದರು. ಆಗದು. ಕಡ್ಡಿಯಿಂದ? ಆಗದು. ಬೆರಳಿನಿಂದ? ಚನಿಯಣ್ಣ ಕಣ್ಣುಮುಚ್ಚಿ ಬಹಳ ಹೊತ್ತು ವಿಚಾರ ಮಾಡಿ, ಬೆರಳಿಗೆ ಉಗುರು ಉಂಟಲ್ಲ, ಆದ್ದರಿಂದ ಅದೂ ಅಗೆದ ಲೆಕ್ಕವೇ ಎಂದು ತೀರ್ಪು ಕೊಟ್ಟ. ದೊರೆಗೆ ಬುಧವಾರ ಬರಲು ಹೇಳಿ ಎಂದು ಶೆಟ್ಟರು ಸಲಹೆ ಕೊಟ್ಟರು. ಬುಧವಾರದ ಹೊತ್ತಿಗೆ ನಾನು ಊಟಿಯಲ್ಲಿ ಕೆಮ್ಮುತ್ತಿರುತ್ತೇನೆ ಎಂದು ನಂಜುಂಡಯ್ಯನವರು ಕಟ್ಟೆಯ ಮೇಲೆ ಕುಸಿದು ಕುಳಿತರು.

ಅವರು ಹಾಗೆ ಕುಳಿತದ್ದನ್ನು ಯಾರಿಗೂ ಸಹಿಸಲಾಗಲಿಲ್ಲ. ಕಾನೂನು ಬಿಡುವ ಹಾಗಿಲ್ಲ, ಮನುಷ್ಯನನ್ನೂ ಬಿಡುವ ಹಾಗಿಲ್ಲ. ಕೊನೆಗೆ ದಾರಿ ಹೊಳೆದದ್ದು ಗುಲಾಬಿಯಕ್ಕನಿಗೆ.

"ಅಗೆಯುವುದು ಯಾಕೆ ಮಾರಾಯ್ರೇ, ಚಟ್ಟಿಯಲ್ಲಿ ಇದ್ದದ್ದನ್ನು ತಂದು ಇಟ್ಟರೆ ಆಯ್ತಲ್ಲ," ಎಂದು ಅವರು ಸೆರಗು ಸಿಕ್ಕಿಸಿ ಎದ್ದರು.

ಆಮೇಲೆ ನಡೆದದ್ದನ್ನು ನಂಜುಂಡಯ್ಯನವರು ಸಾಯುವವರೆಗೆ ಮರೆಯಲಿಲ್ಲ. ಗುಲಾಬಿಯಕ್ಕನ ಮನೆಯಿಂದ ಸೇವಂತಿಗೆ ನೆಟ್ಟ ಹನ್ನೆರಡು ಮಣ್ಣಿನ ಚಟ್ಟಿಗಳು ಆಳುಗಳ ತಲೆಯ ಮೇಲೆ ಬಂದವು. ದೇಯಿ ಒಡೆದ ಮಡಕೆಯಲ್ಲಿ ಬೆಳೆಸಿದ್ದ ಅಬ್ಬಲಿಗೆ ಹೂವಿನ ಗಿಡವನ್ನು ಹೊತ್ತು ತಂದಳು. ಮೂರನೆಯ ಮನೆಯ ಬ್ಯಾರಿ ಹೆಂಗಸು ಮುಮ್ತಾಝ್ ಸೀಮೆಎಣ್ಣೆಯ ಡಬ್ಬದಲ್ಲಿ ಮೆಹಂದಿ ಗಿಡ ಕಳಿಸಿದಳು. ಹೆಸರೇ ಗೊತ್ತಿಲ್ಲದ ಮನೆಗಳಿಂದ ಬಣ್ಣದೆಲೆಯ ಗಿಡಗಳು ಬಂದವು. ಮಧ್ಯಾಹ್ನ ಒಂದಕ್ಕೆ ಎಣಿಸಿದರೆ ನಲವತ್ತಮೂರು. ಬರಿಗೈಯಲ್ಲಿ ಬಂದವರು ಯಾರೂ ಇಲ್ಲ. ಕೆಲವರು ಗಿಡದ ಜೊತೆ ಕೆಡ್ಡಸಕ್ಕೆಂದು ಮಾಡಿದ್ದ ಹುರಿದಕ್ಕಿಯ ಬೆಲ್ಲದ ತಿಂಡಿಯನ್ನೂ ಬಾಳೆಲೆಯಲ್ಲಿ ಕಟ್ಟಿ ತಂದಿದ್ದರು. ನಂಜುಂಡಯ್ಯನವರು ಒಂದು ಕೈಯಲ್ಲಿ ತಿಂಡಿ, ಒಂದು ಕೈಯಲ್ಲಿ ಅಬ್ಬಲಿಗೆ ಹಿಡಿದು, ಊಟಿಯಲ್ಲಿ ಇಪ್ಪತ್ತು ವರ್ಷ ಇದ್ದರೂ ಪಕ್ಕದ ಮನೆಯವನ ಹೆಸರು ತನಗೆ ತಿಳಿದಿರಲಿಲ್ಲ ಎಂದು ನೆನೆದು, ಹೊಗೆ ಕಣ್ಣಿಗೆ ಹೋದವರಂತೆ ತೋಳಿಗೆ ಕಣ್ಣುಜ್ಜಿಕೊಂಡರು.

ಕೆಡ್ಡಸದಲ್ಲಿ ಭೂಮಿಯನ್ನು ಅಗೆಯಬಾರದು, ಸರಿ. ಆದರೆ ಬೇಟೆಗೆ ಹೋಗಬಹುದು, ಹೋಗಲೇಬೇಕು. ಇದು ಯಾವ ನ್ಯಾಯವೆಂದು ಕೇಳಬಾರದು. ಮಧ್ಯಾಹ್ನದ ಊಟ ಮುಗಿಸಿ ಶೆಟ್ಟರು ಕೋವಿ ಹಿಡಿದು, ಹದಿನೈದು ಜನ, ಆರು ನಾಯಿ, ಎರಡು ಡೋಲು ಕಟ್ಟಿಕೊಂಡು ಹಿಂದಿನ ಗುಡ್ಡ ಹತ್ತಿದರು. ಎರಡೂವರೆಗೆ ಗುಡ್ಡದ ಮೇಲೆ ಬೊಬ್ಬೆ ಎದ್ದಿತು. ಎರಡೂ ಮುಕ್ಕಾಲಿಗೆ ಒಂದು ಕಾಡುಹಂದಿ, ಊರಲ್ಲಿ ಅಷ್ಟೊಂದು ಹಿತ್ತಲುಗಳಿದ್ದರೂ, ತೆರೆದಿದ್ದ ಗೇಟಿನಿಂದ ನೇರವಾಗಿ ನಂಜುಂಡಯ್ಯನವರ ಹಿತ್ತಲಿಗೇ ನುಗ್ಗಿತು.

ಬೊಬ್ಬೆ ಕೇಳಿ ಹೊರಗೆ ಓಡಿಬಂದ ಪುಟ್ಟತಾಯಮ್ಮ, ಹಂದಿ ಒಳಗೆ ಬಾರದಿರಲೆಂದು ಗೇಟು ಹಾಕಿ ಅಗುಳಿ ಜಡಿದರು. ಹಂದಿ ಆಗಲೇ ಒಳಗಿತ್ತು ಎಂಬುದನ್ನು ಗಮನಿಸಲು ಅವರಿಗೆ ಪುರುಸೊತ್ತಾಗಲಿಲ್ಲ. ತಿಳಿದ ಕೂಡಲೇ ಅಡಿಗೆಮನೆಗೆ ಹೋಗಿ ಆ ಬಾಗಿಲನ್ನೂ ಹಾಕಿಕೊಂಡರು. ನಂಜುಂಡಯ್ಯನವರು ಬಟ್ಟೆ ಒಗೆಯುವ ಕಲ್ಲನ್ನೇರಿ ನಿಂತರು. ಸುತ್ತಲೂ ಎದೆಯೆತ್ತರದ ಮುರಕಲ್ಲಿನ ಗೋಡೆ. ಅದರಾಚೆ ಹದಿನೈದು ತಲೆಗಳು, ಎಲ್ಲ ತಲೆಗಳಿಗೂ ಒಂದೊಂದು ಸಲಹೆ. ಒಳಗೆ ಮನುಷ್ಯನಿದ್ದುದರಿಂದ ಶೆಟ್ಟರು ಗುಂಡು ಹಾರಿಸುವಂತಿರಲಿಲ್ಲ.

ಹಂದಿ ದಾರಿ ಹುಡುಕಿತು. ಗೋಡೆಯ ಬುಡದುದ್ದಕ್ಕೂ ಮೂತಿಯಿಂದ ನೆಲ ಎತ್ತಿ ಎಸೆಯಿತು. ಸಿಗದೆ ಹಿತ್ತಲನ್ನು ಅಡ್ಡಕ್ಕೂ ಉದ್ದಕ್ಕೂ ಉತ್ತಿತು. ಬೆಳಗ್ಗಿನಿಂದ ಗಿಡಗಳಿಗೆ ನೀರು ಹನಿಸಿ ಮೆತ್ತಗಾಗಿದ್ದ ಮಣ್ಣು ಅದರ ಗೊರಸಿಗೆ ಬೆಣ್ಣೆಯ ಹಾಗೆ ಸಿಕ್ಕಿತು. ಚಟ್ಟಿಗಳು ಒಂದೊಂದಾಗಿ ಸಿಡಿದವು. ಇಪ್ಪತ್ತು, ಮೂವತ್ತು, ನಲವತ್ತು. ನಲವತ್ತಮೂರನೆಯದಾದ ಸೀಮೆಎಣ್ಣೆಯ ಡಬ್ಬವೂ ನೆಗ್ಗಿ ಉರುಳಿದಾಗ ನಂಜುಂಡಯ್ಯನವರಿಗೆ ಹೆದರಿಕೆ ಹೋಗಿ, ಏದುಸಿರು ಬಿಡುತ್ತ ನಿಂತ ಆ ಪ್ರಾಣಿಯ ಮೇಲೆ ಕನಿಕರ ಹುಟ್ಟಿತು. ಉಸಿರಿಗೆ ಒದ್ದಾಡುವುದು ಏನೆಂದು ಅವರಿಗೆ ಗೊತ್ತಿತ್ತು. ಕಲ್ಲಿನಿಂದ ಇಳಿದು, ಗೋಡೆಗೆ ಬೆನ್ನು ಹಚ್ಚಿಕೊಂಡು ಹೋಗಿ ಗೇಟು ತೆರೆದರು. ಹಂದಿ ಅವರ ಪಂಚೆಯನ್ನು ಸವರಿಕೊಂಡು ಹೊರಬಿದ್ದು, ಆರು ನಾಯಿಗಳ ನಡುವಿನಿಂದಲೇ ಗುಡ್ಡಕ್ಕೆ ಹಾರಿಹೋಯಿತು.

ಗಂಟೆ ಮೂರು ಹೊಡೆಯಿತು. ಚನಿಯಣ್ಣ ಒಳಗೆ ಬಂದು, ಬಗ್ಗಿ, ಮುಟ್ಟದೆ ಮಣ್ಣನ್ನು ನೋಡಿದ. ಹಿತ್ತಲು ಒಂದು ಮೂಲೆಯೂ ಬಿಡದೆ ಎರಡು ಜೋಡಿ ಎತ್ತು ಕಟ್ಟಿ ಹದಮಾಡಿದ ಹಾಗಿತ್ತು.

"ಹಂದಿಗೆ ಕೆಡ್ಡಸ ಇಲ್ಲ," ಎಂದ ಅವನು ಬಹಳ ಯೋಚಿಸಿ. "ಅದು ಅಗೆದದ್ದು ನಮ್ಮ ತಲೆಗೆ ಬರುವುದಿಲ್ಲ. ಇನ್ನು ತಾಯಿಯ ಮೈಯಲ್ಲಿ ಇಷ್ಟು ಗಾಯ ಉಂಟು, ಗಿಡ ಇಟ್ಟು ಮುಚ್ಚಿದರೆ ಅದು ಅಗೆದ ಹಾಗೆ ಅಲ್ಲ, ಮದ್ದು ಹಾಕಿದ ಹಾಗೆ."

ಇಂಥ ತೀರ್ಪು ಮದರಾಸಿನ ಹೈಕೋರ್ಟಿನಲ್ಲೂ ಸಿಗುತ್ತಿರಲಿಲ್ಲ. ಬೇಟೆಗೆ ಹೋದವರೆಲ್ಲ ಕೋಲು ಬಿಸಾಡಿ ಮದ್ದು ಹಾಕಲು ಕುಳಿತರು. ಚಟ್ಟಿ ಒಡೆದಿದ್ದರೂ ಗಿಡಗಳ ಬುಡದ ಮಣ್ಣು ಉದುರಿರಲಿಲ್ಲ. ಹಂದಿ ತೋಡಿದ ಒಂದೊಂದು ಗುಳಿಗೂ ಒಂದೊಂದು ಗಿಡ ಇಳಿಯಿತು. ಜಗಲಿಯ ಸಸಿಗಳು ಅಂಚಿಗೆ ಸಾಲಾಗಿ ನಿಂತವು. ದೇಯಿ ಬಾವಿಯಿಂದ ಕೊಡ ಕೊಡ ನೀರು ಸೇದಿದಳು. ಮೂರೂ ಐವತ್ತಕ್ಕೆ ಪಡೀಲಿನಲ್ಲಿ ಅಂಥ ತೋಟ ಇನ್ನೊಂದಿರಲಿಲ್ಲ. ನಂಜುಂಡಯ್ಯನವರು ಕೆಸರು ಕೈಯಲ್ಲೇ ಒಬ್ಬೊಬ್ಬರಿಗೂ ಕೈಮುಗಿದರು, ಗುಡ್ಡದ ಕಡೆ ತಿರುಗಿ ಹಂದಿಗೂ ಮುಗಿದರು.

ಸರಿಯಾಗಿ ನಾಲ್ಕಕ್ಕೆ ವಿಲ್ಮಟ್ ದೊರೆಯ ಮೋಟಾರು ಬಂದು ನಿಂತಿತು. ದೊರೆ ಒಳಗೆ ಕಾಲಿಟ್ಟು, ಟೋಪಿ ತೆಗೆದು, ಸಾಲಿನಿಂದ ಸಾಲಿಗೆ ನಡೆದು ನೋಡಿದರು. ಆಮೇಲೆ ಇದನ್ನು ಮಾಡಲು ಎಷ್ಟು ದಿನ ಬೇಕಾಯಿತು ಎಂದು ಕೇಳಿದರು. ನೆರೆಯವನಿಗೆ ಉಪಕಾರ ಮಾಡಲು ಇದೇ ಸಮಯವೆಂದು ಶೆಟ್ಟರು ತಾವು ಸೆಷನ್ಸ್ ಕೋರ್ಟಿನಲ್ಲಿ ಕೇಳಿ ಕಲಿತ ಇಂಗ್ಲಿಷನ್ನು ಹೊರಗೆ ತೆಗೆದರು. ಈ ಮನುಷ್ಯ ಮುಟ್ಟಿದ ಕೊರಡೂ ಚಿಗುರುತ್ತದೆ, ಇವತ್ತು ಬೆಳಗ್ಗೆ ಇಲ್ಲಿ ಒಂದು ಎಲೆಯೂ ಇರಲಿಲ್ಲ, ಬೇಕಾದರೆ ಮಣ್ಣಿನ ಹಸಿ ನೋಡಿ ಎಂದು ಆಣೆಯಿಟ್ಟು ಹೇಳಿದರು. ಅಗೆದವರು ಯಾರು ಎಂದು ದೊರೆ ಕೇಳಿದಾಗ ಚನಿಯಣ್ಣ ತುಳುವಿನಲ್ಲಿ ಹಂದಿ ಎಂದು ನಿಜವನ್ನೇ ಹೇಳಿದ. ಶೆಟ್ಟರು ಅದನ್ನು, ಇವರೊಬ್ಬರೇ ಎಂದು ಇಂಗ್ಲಿಷಿಗೆ ಮಾಡಿದರು.

ದೊರೆಯ ಮುಖ ಅರಳಿತು. ಜೇಬಿನಿಂದ ಒಂದು ಕಾಗದ ತೆಗೆದು, ಅದರಲ್ಲಿದ್ದ ಒಂದು ಹೆಸರನ್ನು ಪೆನ್ಸಿಲಿನಿಂದ ಹೊಡೆದುಹಾಕಿ, ಇನ್ನೊಂದನ್ನು ಬರೆದರು. ನಂಜುಂಡಯ್ಯನವರ ಭುಜ ತಟ್ಟಿ, ತಮ್ಮ ಕಾಫಿತೋಟದ ಕನ್ನಡದಲ್ಲಿ ನಿಧಾನವಾಗಿ ಹೇಳಿದರು.

"ಚಿತ್ತರಂಜನ್ ಅಂತ ಬರೆದು ಆಗಿತ್ತು. ಆದರೆ ಊಟಿ ಕಂಪೆನಿ ಬಂಗಲೆ ತೋಟ ಪೂರಾ ಸತ್ತಿದೆ. ಏಪ್ರಿಲ್‌ಗೆ ಲಂಡನ್ನಿಂದ ಡೈರೆಕ್ಟರುಗಳು ಬರ್ತಾರೆ. ಒಂದು ದಿನದಲ್ಲಿ ಇಷ್ಟು ಮಾಡೋ ನಿನ್ನನ್ನ ಇಲ್ಲಿ ಇಟ್ಟುಕೊಂಡು ಏನು ಮಾಡಲಿ? ನಾಳೆ ರೈಲಿಗೆ ಹೊರಡು."

ಬೆಳಗ್ಗೆಯ ಬೋಳು ಹಿತ್ತಲನ್ನೇ ದೊರೆಗೆ ತೋರಿಸಿದ್ದರೆ ನಂಜುಂಡಯ್ಯನವರು ಪಡೀಲಿನಲ್ಲೇ ಮುದುಕರಾಗುತ್ತಿದ್ದರು. ಅದು ಎಲ್ಲರಿಗೂ ಒಟ್ಟಿಗೇ ಅರ್ಥವಾಯಿತು. ಶೆಟ್ಟರು ತಮ್ಮ ಇಂಗ್ಲಿಷನ್ನು ನುಂಗಿಕೊಂಡರು. ದೇಯಿ ಕೊಡವನ್ನು ಕೆಳಗಿಟ್ಟು ಮುಖಕ್ಕೆ ಸೆರಗು ಹಚ್ಚಿದಳು. ನಂಜುಂಡಯ್ಯನವರು ಅವರೆಲ್ಲರ ಕೈಗಳನ್ನು ನೋಡಿದರು. ಎಲ್ಲ ಕೈಗಳೂ ಮೊಣಕೈವರೆಗೆ ಮಣ್ಣು, ಎಲ್ಲವೂ ಅವರಿಗಾಗಿ ಮಣ್ಣಾದ ಕೈಗಳು. ಬೈಯಲು ಬಾಯಿ ಬರಲಿಲ್ಲ.

"ನಾಲ್ಕು ತಿಂಗಳು ಉಸಿರಾಡಿದೆ ಕಣ್ರಪ್ಪ," ಎಂದರು. "ನನಗೋಸ್ಕರ ಇಷ್ಟು ಜನ ಯಾವತ್ತೂ ಒಂದು ಕಡೆ ಸೇರಿರಲಿಲ್ಲ. ಇದನ್ನ ನಾನು ಎಲ್ಲಿ ತೀರಿಸಲಿ?"

ಆಗ ಚನಿಯಣ್ಣ ಮುಂದೆ ಬಂದ. ದೊರೆಯ ಎದುರು ನಿಂತು, ಗಂಟಲು ಸರಿಮಾಡಿಕೊಂಡು, ತುಳುವಿನಲ್ಲಿ ದೀರ್ಘವಾಗಿ ಏನೋ ಹೇಳಿದ. ಈ ಸಲ ಶೆಟ್ಟರು ಒಂದಕ್ಷರವನ್ನೂ ಬದಲಿಸದೆ ಇಂಗ್ಲಿಷಿಗೆ ಮಾಡಿದರು. ಕೆಡ್ಡಸದಲ್ಲಿ ನೆಟ್ಟದ್ದನ್ನು ಕೀಳುವ ಹಾಗಿಲ್ಲ, ಗಿಡವಾದರೂ ಅಷ್ಟೇ, ಮನುಷ್ಯನಾದರೂ ಅಷ್ಟೇ, ಮಂಗಳವಾರ ಮುಗಿಯುವವರೆಗೆ ಕಾಯಬೇಕು. ದೊರೆ ಆ ಮುದುಕನ ಮುಖ ನೋಡಿ, ನಕ್ಕು, ಕಾಗದದಲ್ಲಿ ಸೋಮವಾರವನ್ನು ಹೊಡೆದು ಬುಧವಾರ ಎಂದು ಬರೆದರು.

ಹೀಗೆ ಒಂದು ಬೀದಿಯವರೆಲ್ಲ ಸೇರಿ ಬೆಳಗ್ಗಿನಿಂದ ಸಂಜೆಯವರೆಗೆ ದುಡಿದು ನಂಜುಂಡಯ್ಯನವರಿಗೆ ಎರಡು ದಿನ ಉಳಿಸಿಕೊಟ್ಟರು. ಅವರು ಅದಕ್ಕೂ ಕೈಮುಗಿದರು. ಮೋಟಾರು ಹೋದ ಮೇಲೆ ಅಡಿಗೆಮನೆಯ ಬಾಗಿಲು ತೆರೆಯಿತು. ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದ ಪುಟ್ಟತಾಯಮ್ಮ ಟ್ರಂಕಿನ ತಳದಿಂದ ಉಣ್ಣೆಯ ಮಫ್ಲರ್ ತೆಗೆದು ತಂದು, ನುಸಿ ಹಿಡಿದಿದೆಯೇ ಎಂದು ಕೊಡವಿ, ಬೆವರು ಸುರಿಸುತ್ತ ನಿಂತ ಗಂಡನ ಕೊರಳಿಗೆ ಎರಡು ಸುತ್ತು ಸುತ್ತಿದರು.