ಮುತ್ತಜ್ಜನ ಚಿತ್ರಕ್ಕೆ ಕಾಕಾ ಕೂತದ್ದು

ನಮ್ಮೂರು ಮಸಗುಪ್ಪಿಯಲ್ಲಿ ಯಾರನ್ನಾದರೂ ಕೇಳಿ ನೋಡಿ, ಹಾಡಿನ ಮಂದಿರದ ಗೋಡೆಯ ಮೇಲಿರುವ ನನ್ನ ಮುತ್ತಜ್ಜನ ಚಿತ್ರ "ಥೇಟ ಅವರಂಗ ಐತಿ ನೋಡ್ರಿ" ಎನ್ನುತ್ತಾರೆ. ಹಾಗೆನ್ನುವವರಲ್ಲಿ ಬಹಳಷ್ಟು ಮಂದಿ ಮುತ್ತಜ್ಜ ತೀರಿಕೊಂಡ ಮೇಲೆ ಹುಟ್ಟಿದವರು. ಉಳಿದವರು ಆಗ ತೊಟ್ಟಿಲಲ್ಲಿದ್ದರು. ತೊಟ್ಟಿಲಲ್ಲಿದ್ದವರ ಸಾಕ್ಷಿಯನ್ನು ಒಪ್ಪಿಕೊಳ್ಳುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಗೋಕಾಕದ ಕಾಲೇಜಿನಲ್ಲಿ ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಗಂಟೆ ಬಾರಿಸಿದ ಮೇಲೂ ಮಾತು ನಿಲ್ಲಿಸದೆ ಹೆಸರು ಮಾಡಿದವಳು ನಾನು. ಮನೆಯಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, "ಏ ವಕೀಲ್ತಿ" ಅಂತಲೇ ಕರೆಯುತ್ತಾರೆ. ವಕೀಲಿ ಓದಿಲ್ಲ ಎಂದು ವಾದಿಸಲು ಹೋಗಿ ಆ ಹೆಸರನ್ನು ಇನ್ನಷ್ಟು ಗಟ್ಟಿ ಮಾಡಿಕೊಂಡಿದ್ದೇನೆ.

ಮಹನೀಯರ ಚಿತ್ರಗಳ ಬಗ್ಗೆ ನನ್ನ ಅನುಮಾನ ಹಳೆಯದು. ನಮ್ಮ ಶಾಲೆಯ ಗೋಡೆಯ ತುಂಬ ರಾಜರು, ಕವಿಗಳು, ಸಂತರು ಸಾಲಾಗಿ ನಿಂತಿದ್ದರು. ಎಲ್ಲರದೂ ಒಂದೇ ಮೂಗು. ಕಿರೀಟ ತೆಗೆದರೆ ರಾಜ ಕವಿಯಾಗುತ್ತಿದ್ದ, ಗಡ್ಡ ಹಚ್ಚಿದರೆ ಕವಿ ಸಂತನಾಗುತ್ತಿದ್ದ. ಶತಮಾನಗಳ ಹಿಂದೆ ಕಾಡುಮೇಡು ಅಲೆದ ವೈರಾಗಿಯೊಬ್ಬರ ಗಡ್ಡ ಅದೇ ಬೆಳಿಗ್ಗೆ ಘಟಪ್ರಭಾದ ಸಲೂನಿನಲ್ಲಿ ಕತ್ತರಿಸಿದಷ್ಟು ನೀಟಾಗಿತ್ತು. ಒಬ್ಬ ಮಹಾಕವಿ ತಾಳೆಗರಿಯ ಮೇಲೆ ಬರೆಯುತ್ತ ಆಕಾಶ ನೋಡುತ್ತಿದ್ದ. ಸಾಲು ಸೊಟ್ಟಗಾಗುವುದಿಲ್ಲವೇ ಎಂಬುದು ನನ್ನ ಚಿಂತೆ. ಒಂದು ದಿನ ಎದ್ದು ನಿಂತು ಕೇಳಿಯೂಬಿಟ್ಟೆ: "ಸರ್, ಇವರ ಮಾರಿ ಹಿಂಗ ಇತ್ತಂತ ನೋಡಿದವ್ರು ಯಾರ್ರಿ?" ಮಾಸ್ತರರು ಹಾಜರಿ ಕರೆಯುತ್ತಿದ್ದವರು ತಲೆ ಎತ್ತದೆ, "ಹಿಂಗ ಇರಲಿಲ್ಲಂತ ನೀ ನೋಡೀಯೇನು? ಕುಂದ್ರು" ಎಂದರು. ಈಗ ನೆನೆದರೂ ಒಳ್ಳೆಯ ಉತ್ತರ.

ಮುತ್ತಜ್ಜನ ವಿಷಯಕ್ಕೆ ಬರುತ್ತೇನೆ. ಅವರು ಈ ಭಾಗದಲ್ಲಿ ಹೆಸರಾದ ಹರದೇಶಿ ಹಾಡುಗಾರರು. ಹರದೇಶಿ, ನಾಗೇಶಿ ಎಂದರೆ ಹಾಡಿನ ಜಗಳ. ಹರದೇಶಿಯವರು ಗಂಡು ಹೆಚ್ಚೆಂದು ಹಾಡಿದರೆ ನಾಗೇಶಿಯವರು ಹೆಣ್ಣು ಹೆಚ್ಚೆಂದು ತಿರುಗಿಸಿ ಕೊಡುತ್ತಾರೆ. ಹುಕ್ಕೇರಿ ಕಡೆಯಿಂದ ಜನ ಬುತ್ತಿ ಕಟ್ಟಿಕೊಂಡು ಬಂದು ಮುತ್ತಜ್ಜನ ಹಾಡು ಕೇಳುತ್ತಿದ್ದರಂತೆ. ಊರಿನ ಹಾಡುಗಾರರು ಮಂದಿರ ಕಟ್ಟಿಸಿ, ಗೋಡೆಗೆ ನಾಡಿನ ದೊಡ್ಡವರ ಚಿತ್ರಗಳನ್ನೆಲ್ಲ ತೂಗುಹಾಕಿ, ನಡುವೆ ಒಂದು ಮೊಳೆ ಖಾಲಿ ಬಿಟ್ಟು ನಮ್ಮ ಮನೆಗೆ ಬಂದರು. "ಮುತ್ತ್ಯಾರದೊಂದು ಫೋಟೋ ಕೊಡ್ರಿ." ನಮ್ಮಲ್ಲಿ ಅವರು ಬಾರಿಸುತ್ತಿದ್ದ ಹಲಗೆ ಇತ್ತು, ಒಂಟಿತಂತಿಯ ತುಂತುಣಿ ಇತ್ತು, ಫೋಟೋ ಮಾತ್ರ ಇರಲಿಲ್ಲ. ನೋಡಿದವರನ್ನು ಕೇಳಿದರಾಯಿತೆಂದು ಹೊರಟರೆ, ಒಬ್ಬರು ಆರಡಿ ಎಂದರು, ಇನ್ನೊಬ್ಬರು ಹಲಗೆ ಹಿಡಿದರೆ ಹಲಗೆಯೇ ಕಾಣುತ್ತಿತ್ತು ಎಂದರು. ಖರೇನೇ ಕಂಡಿದ್ದ ಆಯಿಯೊಬ್ಬಳು ಬೊಚ್ಚು ಬಾಯಿ ಬಿಟ್ಟು ನಕ್ಕಳು. "ಮಾರಿ ಯಾರ್ ನೋಡಿದ್ರವ್ವಾ? ನಾವು ಹಾಡು ಕೇಳಾಕ ಹೋಗಿದ್ವಿ."

ಗೋಕಾಕದ ಬಸ್ ಸ್ಟ್ಯಾಂಡಿನ ಹಿಂದೆ ಒಬ್ಬ ಪೇಂಟರ್ ಇದ್ದಾರೆ. ಅಂಗಡಿಯ ಬೋರ್ಡು, ಲಾರಿಯ ಹಿಂಬದಿ, ತೀರಿಕೊಂಡವರ ಚಿತ್ರ, ಎಲ್ಲಕ್ಕೂ ಒಂದೇ ಕುಂಚ. ಫೋಟೋ ಇಲ್ಲದವರ ಚಿತ್ರ ತೆಗೆಯುವುದಕ್ಕೆ ಅವರದೊಂದು ಪದ್ಧತಿಯಿದೆ. ಮನೆತನದಲ್ಲಿ ಯಾರ ಮುಖದಲ್ಲಿ ಹಿರಿಯರ ಕಳೆ ಇದೆಯೆಂದು ನಾಲ್ಕು ಜನ ಹೇಳುತ್ತಾರೋ ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ತಲೆಗೆ ಪಟಕಾ ಸುತ್ತಿ, ಉಳಿದ ವಯಸ್ಸನ್ನು ಬಿಳಿ ಬಣ್ಣದಲ್ಲಿ ಸೇರಿಸುತ್ತಾರೆ. ಕಳೆ ಇದೆಯೆನ್ನುವ ಆ ನಾಲ್ಕು ಜನ ಹಿರಿಯರನ್ನು ನೋಡಿರಬೇಕಲ್ಲ ಎಂದು ನಾನು ತಕರಾರು ತೆಗೆದೆ. ಪೇಂಟರ್ ಶಾಂತವಾಗಿ ಹೇಳಿದರು: "ಅಕ್ಕಾರ, ಇಷ್ಟು ವರ್ಷ ತೀರಿಕೊಂಡವರ ಚಿತ್ರ ತಗದೇನಿ. ಒಬ್ಬರೂ ಬಂದು ಇದು ನಾ ಅಲ್ಲ ಅಂದಿಲ್ಲ."

ಸ್ಟೂಲಿನ ಮೇಲೆ ಕೂತದ್ದು ನಮ್ಮ ಕಾಕಾ, ಅಪ್ಪನ ತಮ್ಮ. ನಾಲ್ಕು ಜನ ಹೇಳಲಿ ಎಂದು ಕಾಯುವ ತಾಳ್ಮೆ ಅವರಿಗಿರಲಿಲ್ಲ, ತಾವೇ ಹೇಳಿಕೊಂಡರು. ಚಿತ್ರ ಸಿದ್ಧವಾದಾಗ ನಾವಿಬ್ಬರೂ ಹೋಗಿ ತಂದೆವು. ಬಸ್ಸಿನಲ್ಲಿ ಚಿತ್ರಕ್ಕೆ ಸುತ್ತಿದ್ದ ಪೇಪರು ಮುಖದ ಹತ್ತಿರ ಹರಿಯಿತು. ಮುಂದಿನ ಸೀಟಿನ ಹೆಣ್ಣುಮಗಳು ತಿರುಗಿ ನೋಡಿ, ಕೈ ಮುಗಿದು, "ಯಾವ ಮಹಾತ್ಮರ್ರಿ ಇವರು?" ಎಂದು ಕೇಳಿದಳು. ಕಾಕಾ ಮೀಸೆಯೊಳಗೇ ನಗುತ್ತ, "ನಮ್ಮ ಮುತ್ತ್ಯಾ ರೀ" ಎಂದರು. ಆಕೆ ಚಿತ್ರವನ್ನೂ ಕಾಕಾನನ್ನೂ ಎರಡು ಸಲ ನೋಡಿ, "ನಿಮ್ಮ ಮಾರಿಯೊಳಗ ಅವರ ಕಳೆ ಬಂದಿಲ್ ಬಿಡ್ರಿ" ಎಂದು ಮುಂದಕ್ಕೆ ತಿರುಗಿದಳು. ನಮ್ಮ ಸ್ಟಾಪ್ ಬರುವ ತನಕ ಕಾಕಾ ಕಿಟಕಿಯ ಹೊರಗೆ ಕಬ್ಬನ್ನೇ ನೋಡುತ್ತಿದ್ದರು.

ಆಕೆಗೆ ಕಾಣದ್ದು ನಮ್ಮ ಚಿಗವ್ವನಿಗೆ, ಅಂದರೆ ಕಾಕಾನ ಹೆಂಡತಿಗೆ, ಕಾಣಲು ಅರೆಗಳಿಗೆಯೂ ಹಿಡಿಯಲಿಲ್ಲ. ಮಂದಿರಕ್ಕೆ ಹೋಗುವ ಮೊದಲು ಮನೆಯಲ್ಲೊಂದು ಪೂಜೆಯಾಗಲೆಂದು ಕುಂಕುಮ, ಹೂವಿನ ಹಾರ ಹಿಡಿದು ನಿಂತಿದ್ದಳು. ನಾನು ಪೇಪರು ತೆಗೆದೆ. ಚಿಗವ್ವ ನೋಡಿದಳು. ಹಾರವನ್ನು ತಿರುಗಿ ಬುಟ್ಟಿಯಲ್ಲಿಟ್ಟಳು.

"ಇದು ನಮ್ಮನಿಯವರ ಮಾರಿ" ಎಂದಳು. "ಇದಕ್ಕ ನಾ ಹಾರ ಹಾಕೂದಿಲ್ಲ. ಊರಾಗ ಯಾರೂ ಹಾಕಬಾರ್ದು."

ಗೋಡೆಯ ಮೇಲಿನ ಚಿತ್ರಕ್ಕೆ ಹಾರ ಬಿತ್ತೆಂದರೆ ಒಳಗಿರುವವರು ಇಲ್ಲವೆಂದೇ ಅರ್ಥ ಎಂಬುದು ನನಗೂ ಗೊತ್ತು. ಆದರೆ ಮಂದಿರದಲ್ಲಿ ಚಿತ್ರದ ಪರದೆ ಎಳೆಯಲು ಹುಕ್ಕೇರಿಯಿಂದ ಪ್ರಾಧ್ಯಾಪಕರು ಬರುವವರಿದ್ದರು, ಊರಿಗೆಲ್ಲ ಹೇಳಿ ಆಗಿತ್ತು, ಮನೆತನದ ಪರವಾಗಿ ಮಾತಾಡುವವಳು ನಾನೇ ಆಗಿದ್ದೆ. ಹಾಗಾಗಿ ತೋಳೇರಿಸಿದೆ.

"ಚಿಗವ್ವ, ಇದು ಬರೇ ಬಣ್ಣ. ಬಟ್ಟಿ ಮ್ಯಾಲಿನ ಬಣ್ಣ."

"ಬರೇ ಬಣ್ಣಾದ್ರ ನಿಮ್ಮ ಕಾಕಾನ್ನ ಯಾಕ ಸ್ಟೂಲ್ ಮ್ಯಾಲ ಕುಂದ್ರಿಸಿದ್ರಿ?"

"ಹ್ವಾದ ವರ್ಷ ಸನ್ಮಾನದಾಗ ಕಾಕಾಗ ಹಾರ ಹಾಕಿದ್ರಲಾ, ಆವಾಗ ನೀನ ಚಪ್ಪಾಳಿ ಹೊಡದಿ."

"ಕೊಳ್ಳಾಗಿನ ಹಾರ ತಾವ ತಕ್ಕೋತಾರ. ಗ್ವಾಡಿ ಮ್ಯಾಲಿಂದು ಯಾರ್ ತಗೀತಾರ?"

ಇನ್ನು ಇತಿಹಾಸವನ್ನೇ ಕರೆಯಬೇಕಾಯಿತು. ಶಾಲೆಯ ಗೋಡೆಯಲ್ಲಿದ್ದ ರಾಜರು, ಕವಿಗಳು, ಸಂತರು ಎಲ್ಲರನ್ನೂ ನನ್ನ ಪರ ಸಾಕ್ಷಿಗೆ ನಿಲ್ಲಿಸಿದೆ. "ಅವರನ್ನ ಯಾರೂ ನೋಡಿಲ್ಲ ಚಿಗವ್ವ. ಯಾವನೋ ಪೇಂಟರ್ ತನ್ನ ಬೀಗನ್ನ ಕುಂದ್ರಿಸಿ ಕಿರೀಟ ಇಟ್ಟಾನ. ಆ ಬೀಗ ಮುಂಜಾನೆ ಹೊಲಕ್ಕ ಹ್ವಾದ, ಅವನ ಮಾರಿಗೆ ಊರೂರಾಗ ಹಾರ ಬಿತ್ತು. ಅವಂಗೇನಾತು?"

ಚಿಗವ್ವ ಕುಂಕುಮದ ಬಟ್ಟಲು ಮುಚ್ಚುತ್ತ ಕೇಳಿದಳು: "ಅವನ ಹೇಣ್ತಿನ್ನ ಕೇಳೀಯೇನು?"

ನಾನು ಓದಿದ ಯಾವ ಪುಸ್ತಕದಲ್ಲಿಯೂ ಆಕೆಯ ಸುದ್ದಿ ಇರಲಿಲ್ಲ. ಮಹನೀಯರ ಚಿತ್ರಗಳನ್ನು ಅನುಮಾನಿಸುತ್ತ ಬೆಳೆದವಳು ನಾನು, ಆದರೆ ಅದು ಅವರ ಮುಖವಲ್ಲ ಎನ್ನುವಲ್ಲಿಗೆ ನನ್ನ ಅನುಮಾನ ಮುಗಿಯುತ್ತಿತ್ತು. ಹಾಗಾದರೆ ಅದು ಯಾರ ಮನೆಯವನ ಮುಖ ಎಂದು ಮುಂದುವರಿದವಳಲ್ಲ. ಗಂಟೆ ಬಾರಿಸುವ ಮೊದಲೇ ವಾದ ಬಿಟ್ಟು ಚಿತ್ರ ಎತ್ತಿಕೊಂಡದ್ದು ಅದೇ ಮೊದಲು.

ಚಿತ್ರ ಜೋಳದ ಚೀಲಗಳ ಹಿಂದೆ ಗೋಡೆಗೆ ಮುಖ ಮಾಡಿ ಕೂತಿತು. ಕಾಕಾ ಮಾತ್ರ ಜಗ್ಗಲಿಲ್ಲ. ನಾಡಿನ ದೊಡ್ಡವರ ಸಾಲಿನಲ್ಲಿ ಹೆಸರು ಬೇರೆಯವರದಾದರೂ ಮೂಗು ತಮ್ಮದಿರುತ್ತದೆ ಎಂಬುದು ಅವರಿಗೆ ಹಿಡಿಸಿಬಿಟ್ಟಿತ್ತು. ಪಟಕಾ ಸುತ್ತಿಕೊಂಡು ಹೋಟೆಲ್ಲಿಗೆ ಹೋಗತೊಡಗಿದರು. ಚಹಾ ಕುಡಿಯುವಾಗಲೂ ಗದ್ದವನ್ನು ಚಿತ್ರದಲ್ಲಿದ್ದಷ್ಟೇ ಮೇಲಕ್ಕೆ ಎತ್ತಿ ಹಿಡಿಯುತ್ತಿದ್ದರಿಂದ ಅರ್ಧ ಚಹಾ ಅಂಗಿಯ ಪಾಲಾಗುತ್ತಿತ್ತು. ಚಿಗವ್ವನದು ಒಂದೇ ಮಾತು: "ಇಲ್ಲಾ ಚಿತ್ರದ ಮಾರಿ ಬದಲಾಗಲಿ, ಇಲ್ಲಾ ಇವರದು." ಎಲ್ಲಿ ಬೋಳಿಸಿಬಿಡುತ್ತಾಳೋ ಎಂದು ಕಾಕಾ ಮೀಸೆ ಮುಚ್ಚಿಕೊಂಡು ಹೊರಗೆ ನಡೆಯುತ್ತಿದ್ದರು.

ಅಷ್ಟರಲ್ಲಿ ಕಾಕಾನಿಗೆ ನೆಗಡಿಯಾಯಿತು. ಬರೀ ನೆಗಡಿ, ಮನೆಯಲ್ಲಿ ಎಲ್ಲರಿಗೂ ಬಂದು ಹೋಗಿದ್ದೇ. ಆದರೆ ಅವರು ಸೀನಿದಾಗಲೆಲ್ಲ ಚಿಗವ್ವ ಒಲೆಯ ಮುಂದಿನಿಂದ ಎದ್ದು ಬರುತ್ತಿದ್ದಳು. ಹಣೆ ಮುಟ್ಟುತ್ತಿದ್ದಳು, ಚೀಲಗಳ ಕಡೆಗೊಮ್ಮೆ ನೋಡುತ್ತಿದ್ದಳು, ತಿರುಗಿ ಒಲೆಗೆ ಹೋಗುತ್ತಿದ್ದಳು. ಒಂದು ಸಲ ಕಷಾಯ ಕೊಡಲು ಬಂದವಳು, ಪಟಕಾ ಸುತ್ತಿಕೊಂಡೇ ತೂಕಡಿಸುತ್ತಿದ್ದ ಕಾಕಾನ ಮೂಗಿನ ಮುಂದೆ ಬೆರಳಿಟ್ಟು ಉಸಿರು ನೋಡಿದಳು. ಕಾಕಾ ಕಣ್ಣು ಬಿಟ್ಟು ಆ ಕೈಯನ್ನು ನೋಡಿದರು. ಪಟಕಾ ತೆಗೆದು ಗೂಟಕ್ಕೆ ಹಾಕಿದರು. "ಏ ವಕೀಲ್ತಿ, ಆ ಪೇಂಟರಗ ಫೋನ್ ಹಚ್ಚು" ಎಂದರು.

ಪೇಂಟರ್ ಬಣ್ಣದ ಪೆಟ್ಟಿಗೆಯೊಂದಿಗೆ ಬಂದು ಅಂಗಳದಲ್ಲಿ ಕೂತರು. "ಮತ್ತ ಯಾರ್ ಮಾರಿ ಹಾಕ್ಲಿರಿ?"

"ಯಾರದೂ ಬ್ಯಾಡ" ಎಂದಳು ಚಿಗವ್ವ.

"ಯಾರದೂ ಅಲ್ಲದ ಮಾರಿ ತಗಿಯಾಕ ನನಗ ಬರೂದಿಲ್ರಿ ಅವ್ವಾರ."

ಇಲ್ಲಿ ನಾನು ನಡುವೆ ಬಾಯಿ ಹಾಕಿದೆ. ಮುಖ ಗೊತ್ತಿಲ್ಲದಿದ್ದರೇನು, ಸ್ವಭಾವ ಗೊತ್ತಿದೆಯಲ್ಲ, ವಾದದ ಹಾಡು ಹಾಡುವವನ ಹುಬ್ಬು ಎದುರಾಳಿಯ ಸಾಲು ಮುಗಿಯುವ ಮೊದಲೇ ಏರಿರುತ್ತದೆ, ತುಟಿ ತೆರೆದಿರುತ್ತದೆ ಎಂದು ಚಿತ್ರದ ಹಿಂದೆ ನಿಂತಲ್ಲೇ ವಿವರಿಸತೊಡಗಿದೆ. ಪೇಂಟರ್ ಆಗಾಗ ತಲೆ ಎತ್ತಿ ನೋಡಿ, "ಹಂಗ ಮಾತಾಡ್ಕೊಂತ ನಿಂದರ್ರಿ ಅಕ್ಕಾರ, ಕೆಲಸಕ್ಕ ಹುರುಪು ಬರ್ತೈತಿ" ಎಂದರು. ಈ ಮನೆಯಲ್ಲಿ ಇನ್ನಷ್ಟು ಮಾತಾಡು ಎಂದು ನನಗೆ ಹೇಳಿದವರು ಅವರೊಬ್ಬರೇ. ಬೆಳಕು ಇಳಿಯುವ ತನಕ ಮಾತಾಡಿದೆ. ಚಿಗವ್ವ ಪೇಂಟರರ ಬಾಜೂ ಕೂತು, "ಮೂಗು ಸಣ್ಣದಾಗಲಿ, ಇನ್ನೊಂದೀಟು" ಎಂದು ಹೇಳಿಕೊಡುತ್ತಿದ್ದಳು. ಕೊನೆಗೆ ಕಾಕಾನನ್ನು ಕರೆದು ಚಿತ್ರದ ಪಕ್ಕ ನಿಲ್ಲಿಸಿ, ಎರಡನ್ನೂ ನೋಡಿ, "ಈಗ ಇವರಲ್ಲ" ಎಂದು ಎದ್ದಳು. ಕತ್ತಲಾಗುತ್ತಿತ್ತು, ಬಣ್ಣ ಹಸಿಯಿತ್ತು. ಪೇಂಟರ್ ಒಣಗಲೆಂದು ಚಿತ್ರವನ್ನು ಅಂಗಡಿಗೆ ಒಯ್ದು ಅಲ್ಲಿಂದ ನೇರ ಮಂದಿರಕ್ಕೆ ಕಳಿಸಿದರು.

ಸಮಾರಂಭದ ದಿನ ಪ್ರಾಧ್ಯಾಪಕರು ಪರದೆ ಎಳೆದರು. ಚಿಗವ್ವ ತಾನೇ ಮುಂದೆ ಹೋಗಿ ಸೇವಂತಿಗೆಯ ದೊಡ್ಡ ಹಾರ ಹಾಕಿ ಕೈ ಮುಗಿದಳು. "ಥೇಟ, ಥೇಟ" ಎಂದು ಹಿರಿಯರು ತಲೆದೂಗಿದರು. ನಾನು ಮೈಕಿನ ಮುಂದೆ ನಿಂತು, ಈ ಚಿತ್ರದ ಐತಿಹಾಸಿಕ ವಿಶ್ವಾಸಾರ್ಹತೆಯ ಬಗ್ಗೆ ಎರಡು ಮಾತು ಎಂದು ಶುರು ಮಾಡಿದೆ. ಪ್ರಾಧ್ಯಾಪಕರು ನನ್ನನ್ನು ನೋಡಿದರು, ಗೋಡೆ ನೋಡಿದರು, ಮತ್ತೆ ನನ್ನನ್ನು ನೋಡಿ ಪಕ್ಕದವರಿಗೆ, "ಎದ್ದು ಬಂದಂಗ ಐತಲ್ರಿ" ಎಂದರು. ಮೈಕಿಗೆ ಅದೂ ಕೇಳಿಸಿತು. ಸಭೆಯೆಲ್ಲ ನಕ್ಕಿತು.

ತಿರುಗಿ ನೋಡಿದೆ. ಮೇಲೆ ಪಟಕಾ, ಕೆಳಗೆ ಬಿಳಿ ಮೀಸೆ. ನಡುವೆ ನನ್ನ ಎಡಹುಬ್ಬು, ನನ್ನ ಮೊಂಡು ಮೂಗು, ಯಾರದೋ ಮಾತು ಕತ್ತರಿಸಲು ತೆರೆದ ನನ್ನ ಬಾಯಿ. ಗಂಡು ಹೆಚ್ಚೆಂದು ಜೀವಮಾನವಿಡೀ ಹಾಡಿದ ಹಿರಿಯರು ನನ್ನ ಮುಖ ಹೊತ್ತು ನಾಡಿನ ದೊಡ್ಡವರ ನಡುವೆ ಕೂತಿದ್ದರು. ಕೊರಳ ಸುತ್ತ ಸೇವಂತಿಗೆ.

ಅದು ಬರೀ ಬಣ್ಣ, ಬಟ್ಟೆಯ ಮೇಲಿನ ಬಣ್ಣ. ಈ ವಾದದಲ್ಲಿ ಒಂದು ಲೋಪವೂ ನನಗೆ ಇಂದಿಗೂ ಕಾಣುವುದಿಲ್ಲ. ಆದರೂ ಬೆಳಿಗ್ಗೆ ಎದ್ದಕೂಡಲೆ ನನ್ನ ಹಣೆಯನ್ನು ನಾನೇ ಮುಟ್ಟಿ ನೋಡಿಕೊಂಡು, ನಿನ್ನೆಯಷ್ಟೇ ಬಿಸಿಯಿದೆ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದೇನೆ. ಮೊನ್ನೆ ಚಿಗವ್ವ ರೊಟ್ಟಿ ಬಡಿಯುತ್ತಿದ್ದಾಗ ಎದುರಿಗೆ ಹೋಗಿ ಕೂತೆ. ಆಕೆ ಹಂಚಿನ ಮೇಲಿನ ರೊಟ್ಟಿ ತಿರುವಿದಳು, ನೀರು ಸವರಿದಳು, ನನ್ನ ಕಡೆ ನೋಡಲಿಲ್ಲ.

"ಚಿಗವ್ವ, ಖರೇ ಹೇಳು, ಹಾರ ಹಾಕೂ ಮುಂದ ಅದು ಯಾರ್ ಮಾರಿ ಅಂತ ನಿನಗ ಗೊತ್ತಿತ್ತೋ, ಇಲ್ಲೋ?"