ನಮ್ಮ ಡಾಕ್ಟರು ಆಮದಾರರಾದ ಬಗೆ

ಚುನಾವಣೆ ಬಂತೆಂದರೆ ನಮ್ಮ ಕಡೆ ಯಾರಿಗೂ ಯಾರ ಮೇಲೂ ನಂಬಿಕೆ ಉಳಿಯುವುದಿಲ್ಲ. ಅಂಥ ಹೊತ್ತಿನಲ್ಲಿ ಈಗ ನಾನು ಹೇಳುವಂಥವು ನಡೆಯದೆ ಹೋದರೇ ಆಶ್ಚರ್ಯ. ನನಗಂತೂ ಸಂಶಯ ಹುಟ್ಟುಗುಣ. ಅಕ್ಕಲಕೋಟೆಯಲ್ಲಿ ನನ್ನದು ಸೊಲ್ಲಾಪುರ ಚಾದರದ ಅಂಗಡಿ. ಮಾಲು ಹೊಗಳುವ ಗಿರಾಕಿ ಕೊಳ್ಳುವವನಲ್ಲ ಎಂದು ಅಪ್ಪ ಚಿಕ್ಕಂದಿನಲ್ಲೇ ಕಲಿಸಿದ್ದ.

ಅಂಗಡಿಯ ಎದುರಿಗೇ ಡಾಕ್ಟರ ದವಾಖಾನೆ. ಮನುಷ್ಯ ಸಿಡುಕ, ಕೈಗುಣ ಮಾತ್ರ ಬಂಗಾರ. ಎಪ್ಪತ್ತರ ದಶಕ ಶುರುವಾದಾಗ ಅವರು ಇದ್ದಕ್ಕಿದ್ದಂತೆ ಚುನಾವಣೆಗೆ ನಿಂತರು. ಹೆರಿಗೆ ಕಷ್ಟವಾದ ಒಬ್ಬ ಹೆಣ್ಣುಮಗಳು ಸೊಲ್ಲಾಪುರದ ದಾರಿಯಲ್ಲಿ, ಅವರ ಜೀಪಿನಲ್ಲೇ ಪ್ರಾಣ ಬಿಟ್ಟಿದ್ದಳು. ನಮ್ಮೂರಿಗೆ ಆಪರೇಶನ್ ಮಾಡುವ ದೊಡ್ಡ ಆಸ್ಪತ್ರೆ ತರಲೇಬೇಕು, ಅದಕ್ಕೆ ಮುಂಬೈ ವಿಧಾನಸಭೆಗೇ ಹೋಗಬೇಕು ಎಂದು ಹಟ ಹಿಡಿದರು. ಕುರ್ಚಿಯ ಆಸೆ ಇರಬಹುದೇ ಎಂದು ನನಗೆ ಸಂಶಯ ಬಂತು. ಆದರೆ ಆ ದಿನ ಅವರು ದವಾಖಾನೆಯ ಮೆಟ್ಟಿಲ ಮೇಲೆ ತಲೆ ಹಿಡಿದು ಕೂತದ್ದನ್ನು ಕಣ್ಣಾರೆ ಕಂಡಿದ್ದೆ. ನನ್ನ ಜೀವನದಲ್ಲಿ ನಾನಾಗಿ ಕೈಬಿಟ್ಟ ಸಂಶಯ ಅದೊಂದೇ.

೧. ಕೈ ಮುಗಿದರು

ಬಂದವರಿಗೆಲ್ಲ ನಗುತ್ತ ಕೈ ಮುಗಿಯಬೇಕು ಎಂದು ಪಕ್ಷದವರು ಡಾಕ್ಟರಿಗೆ ಪಾಠ ಮಾಡಿದರು. ಅಲ್ಲಿಯವರೆಗೆ ಅವರು ರೋಗಿಗಳನ್ನು ಬೈದೇ ಒಳಗೆ ಕರೆಯುತ್ತಿದ್ದವರು.

ಮರುದಿನವೇ ಸೊಲ್ಲಾಪುರದಿಂದ ನನ್ನ ಸೋದರಮಾವ ಅತ್ತೆಯ ಜೊತೆ ಬಂದ. ಮದುವೆಮನೆಯಲ್ಲಿ ಹೋಳಿಗೆ ಜಡಿದು ಹೊಟ್ಟೆ ಉಬ್ಬರಿಸಿತ್ತು. ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. ಗುಳಿಗೆ ಕೊಟ್ಟರು. ಆಮೇಲೆ ಪಾಠ ನೆನಪಾಗಿ ಎದ್ದು ನಿಂತು, ನಕ್ಕು, ಮಾವನಿಗೂ ಅತ್ತೆಗೂ ಕೈ ಮುಗಿದು ದೇವರ ಆಶೀರ್ವಾದ ಇರಲಿ ಎಂದರು.

ನಮ್ಮ ಕಡೆ ಡಾಕ್ಟರು ಕೈ ಮುಗಿಯುವುದು ಔಷಧ ಮುಗಿದಾಗ. ಅತ್ತೆ ಅಲ್ಲೇ ಕುಸಿದು ಕೂತಳು. ಮಾವನನ್ನು ಅಂಗಾತ ಮಲಗಿಸಿಕೊಂಡು ಸೊಲ್ಲಾಪುರಕ್ಕೆ ಒಯ್ದರು. ಬೀಗರು, ಬಿಜ್ಜರು ಕೂಡಿದರು. ಬಾಯಿಗೆ ಗಂಗಾಜಲ ಬಿದ್ದಿತು. ಮೂರನೆಯ ದಿನ ಮಾವ ಒಂದು ದೊಡ್ಡ ತೇಗು ತೇಗಿ, ಎದ್ದು ಕೂತು, ಊಟಕ್ಕೇನಿದೆ ಎಂದು ಕೇಳಿದ.

ಅದು ಮತ ಕೇಳುವ ನಮಸ್ಕಾರ ಎಂದು ನಾನು ಹೋಗಿ ತಿಳಿಸಿ ಹೇಳಿದೆ. ಅತ್ತೆಗೆ ಸಿಟ್ಟು ನೆತ್ತಿಗೇರಿತು.

"ಹಂಗಂತ ಮೊದಲ ಹೇಳಬಾರದೇನು? ಅಳಿಯಂದಿರು ಪುಣೆದಿಂದ ರಜಾ ಹಾಕಿ ಬಂದು ಕುಂತಾರ. ಅದೂ ಹೋಗ್ಲಿ, ನಮ್ಮ ಓಟ ಇರೂದು ಸೊಲ್ಲಾಪುರದಾಗ!"

೨. ಭಂಡಾರ

ದುಧನಿಯ ಆಚೆ ಕುರಿ ಸಾಕುವವರ ಒಂದು ಹಳ್ಳಿ. ಬೀರೋಬ ದೇವರ ಒಕ್ಕಲು. ಬೀರೋಬನ ಭಂಡಾರ, ಅಂದರೆ ಗುಡಿಯ ಅರಿಶಿನ, ಕೈಯಲ್ಲಿ ಹಿಡಿದು ಆಡಿದ ಮಾತನ್ನು ಅವರು ಪ್ರಾಣ ಹೋದರೂ ಮುರಿಯುವುದಿಲ್ಲ. ಆದ್ದರಿಂದ ಚುನಾವಣೆಗೆ ನಿಂತವರೆಲ್ಲರ ಕಣ್ಣೂ ಆ ಭಂಡಾರದ ಮೇಲೆ.

ಮತ ಕೇಳಲು ಡಾಕ್ಟರೂ ನಾನೂ ಹೋದಾಗ ಡೊಳ್ಳು ಬಾರಿಸಿ ಬರಮಾಡಿಕೊಂಡರು. ಮಜ್ಜಿಗೆ ಕೊಟ್ಟರು, ಡಾಕ್ಟರಿಗೆ ಹೊಸ ಕಂಬಳಿ ಹೊದಿಸಿದರು. ಡಾಕ್ಟರು ಭಾಷಣ ಬಿಟ್ಟು, ರೂಢಿಯಂತೆ ಎದುರು ಬಂದವರ ಕಣ್ಣಿನ ರೆಪ್ಪೆ ಎಳೆದು ನೋಡತೊಡಗಿದರು. ನಾನು ಊರ ಹಿರಿಯ ಮುದುಕನ ಹತ್ತಿರ ಭಂಡಾರದ ಮಾತು ತೆಗೆದೆ. ಮುದುಕ ಒಂದು ಹೆಜ್ಜೆ ಹಿಂದೆ ಸರಿದು ಡಾಕ್ಟರ ಕಡೆ ತಿರುಗಿದ.

"ನಿಮ್ಮ ಔಷಧದಾಗ ಏನೈತಿ ಅಂತ ನಾವು ಕೇಳ್ತೀವೇನ್ರಿ? ನಂಬಿಗಿ ಮ್ಯಾಲ ಕುಡೀತೀವಿ. ನೀವೂ ನಂಬಿಗಿ ಮ್ಯಾಲ ಹೋಗ್ರಿ."

ಡಾಕ್ಟರ ಕಣ್ಣಲ್ಲಿ ನೀರು ಬಂತು. ಜೀಪು ಹತ್ತಿದ ಮೇಲೆ ನಾನು, ಇವರು ಭಂಡಾರ ಒಂದು ಬಿಟ್ಟು ಉಳಿದದ್ದೆಲ್ಲ ಕೊಟ್ಟರು ಎಂದೆ. ನಿನಗೆ ಸಂಶಯದ ರೋಗ ಇದೆ, ಎಣಿಕೆ ಮುಗಿಯಲಿ, ಔಷಧ ಕೊಡುತ್ತೇನೆ ಎಂದು ಡಾಕ್ಟರು ಗದರಿದರು. ಎಣಿಕೆಯಾಯಿತು. ಡಾಕ್ಟರು ಸೋತರು. ಆ ಹಳ್ಳಿಯಲ್ಲಂತೂ ಬೊಗಸೆಯಷ್ಟು ಮತವೂ ಬಿದ್ದಿರಲಿಲ್ಲ. ಔಷಧ ಬೇಡ, ರೋಗ ಇರಲಿ ಎಂದು ನಾನೇ ಹೇಳಿ ಕಳಿಸಿದೆ.

೩. ನಾಡಿ

ಸೋಲು ಡಾಕ್ಟರಿಗೂ ನನ್ನ ರೋಗ ಅಂಟಿಸಿತು. ಇಷ್ಟು ಜನ ಉಪಕಾರ ಪಡೆದವರು, ಕೈ ಕೊಟ್ಟವರು ಯಾರು? ರೋಗಿಯ ನಾಡಿ ಹಿಡಿದು, ಜ್ವರ ಯಾವಾಗಿನಿಂದ ಎಂದು ಕೇಳಿ, ಅದೇ ಉಸಿರಿನಲ್ಲಿ ಮತ ಯಾರಿಗೆ ಹಾಕಿದೆ ಎಂದು ಕೇಳುವುದು ಶುರುಮಾಡಿದರು. ಸುಳ್ಳು ಹೇಳಿದರೆ ನಾಡಿ ಜಿಗಿಯುತ್ತದೆ ಎಂಬುದು ಅವರ ಲೆಕ್ಕ.

ಎಲ್ಲರೂ ನಿಮಗೇ ಎಂದರು. ಎಲ್ಲರ ನಾಡಿಯೂ ಜಿಗಿಯಿತು. ಅವರಿಗೇ ಮತ ಹಾಕಿದ್ದ ನನ್ನದೂ ಜಿಗಿಯಿತು. ಕೈ ಹಿಡಿದು ಹಾಗೆ ದುರುಗುಟ್ಟಿದರೆ ಸತ್ಯವಂತನ ಎದೆಯೂ ಹೊಡೆದುಕೊಳ್ಳುತ್ತದೆ. ತಾಲೂಕಿಗೆ ತಾಲೂಕೇ ಮೋಸ ಮಾಡಿದೆ ಎಂದು ಡಾಕ್ಟರು ಎರಡು ದಿನ ಊಟ ಬಿಟ್ಟರು.

ಒಂದೇ ಒಂದು ನಾಡಿ ಅಲುಗಾಡದೆ ನಡೆಯಿತಂತೆ. ಅದು ಬಿ.ಪಿ. ತೋರಿಸಲು ಬಂದಿದ್ದ ಹಳೆಯ ಆಮದಾರರದು, ಅಂದರೆ ಡಾಕ್ಟರನ್ನು ಸೋಲಿಸಿದ ಶಾಸಕರದು. ಮತ ನನಗೇ ಹಾಕಿಕೊಂಡೆ ಎಂದು ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು.

೪. ಜೋಳದ ಹೊಲಕ್ಕೆ ಭಾಷಣ

ಆಮೇಲೆ ಎಮರ್ಜೆನ್ಸಿ ಬಂತು. ಗಂಡಸರನ್ನು ಹಿಡಿದೊಯ್ದು ಸಂತಾನ ನಿಲ್ಲಿಸುವ ಆಪರೇಶನ್ ಮಾಡುತ್ತಾರೆಂಬ ಹೆದರಿಕೆ ಊರೂರಿಗೆ ಹಬ್ಬಿತ್ತು. ಅಂಥದರಲ್ಲಿ ನಮ್ಮ ಡಾಕ್ಟರಿಗೆ ಜನರ ಕಷ್ಟ ಕೇಳುವ ಮನಸ್ಸಾಯಿತು. ಜೀಪು, ಡಾಕ್ಟರು, ಕೈಯಲ್ಲಿ ಕರೀ ಚೀಲ. ಕೇಳಬೇಕೇ? ನಾವು ಒಂದು ಹಳ್ಳಿಯಲ್ಲಿ ಇಳಿಯುವಷ್ಟರಲ್ಲಿ ಊರಲ್ಲಿ ಒಂದು ಗಂಡುಹುಳವಿಲ್ಲ. ಹೆಂಗಸರು ಮಾತ್ರ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಪಕ್ಕದ ಜೋಳದ ಬೆಳೆ ಗಾಳಿಯಿಲ್ಲದೆ ಅಲ್ಲಾಡುತ್ತಿತ್ತು.

ಡಾಕ್ಟರು ಚೀಲವನ್ನು ಜೀಪಿನಲ್ಲೇ ಬಿಟ್ಟು, ಎರಡೂ ಕೈ ಮೇಲೆತ್ತಿ, ಹೊಲದ ಬದುವಿನ ಮೇಲೆ ನಿಂತು ಜೋಳಕ್ಕೇ ಭಾಷಣ ಮಾಡಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಆಪರೇಶನ್ ಮಾತೇ ಇಲ್ಲ, ನಿಮ್ಮ ಕಷ್ಟ ಹೇಳಿ ಎಂದು ಗಂಟಲು ಹರಿಯುವ ಹಾಗೆ ಹೇಳಿದರು. ಕೊನೆಗೆ ತೆನೆಗಳ ಒಳಗಿನಿಂದ ಒಂದು ದನಿ ಬಂತು.

"ನಿಮ್ಮ ಮಾತು ಖರೆ ಇರಬೇಕ್ರಿ ಡಾಕ್ಟರ್ ಸಾಹೇಬ್ರ. ಆದ್ರ ಆ ದಪ್ಪನ ಮನಿಶಾನ ಕಿಸೇದಾಗ ಕತ್ರಿ ಕಾಣಾಕತ್ತೈತಿ."

ಚಾದರದ ಅಂಚಿನ ದಶಿ ಕತ್ತರಿಸುವ ಕತ್ತರಿಯನ್ನು ಅಂಗಡಿಯಲ್ಲೇ ಇಟ್ಟು ಬರುವುದು ನನಗೆ ಮರೆತಿತ್ತು.

೫. ಬೇಡಾಗಿ ಗೆದ್ದರು

ಮತ್ತೆ ಚುನಾವಣೆ ಬಂತು. ಒಬ್ಬೊಬ್ಬ ರೋಗಿಯೂ ಡಾಕ್ಟರಿಗೆ ಒಂದೊಂದು ಮತ, ಬೇರನ್ನೇ ಕಡಿಯಬೇಕು ಎಂದು ಹಳೆಯ ಆಮದಾರರು ಯೋಚಿಸಿದರು. ಪುಣೆಯಿಂದ ಒಬ್ಬ ಹರೆಯದ ಡಾಕ್ಟರನನ್ನು ಕರೆಸಿ, ತಾವಿರುವ ವಾಡೆಯಲ್ಲೇ ದವಾಖಾನೆ ಹಾಕಿಸಿಕೊಟ್ಟರು. ಹುಡುಗನ ಮಾತು ಮೆತ್ತಗೆ, ಸೂಜಿ ಇನ್ನೂ ಮೆತ್ತಗೆ. ಸಾಲು ಅತ್ತ ತಿರುಗಿತು. ನಮ್ಮ ಡಾಕ್ಟರು ಬರಿದಾದ ಬೆಂಚು ನೋಡಲಾರದೆ ನನ್ನ ಅಂಗಡಿಗೆ ಬಂದು ಕೂಡತೊಡಗಿದರು. ಇನ್ನು ಆಸ್ಪತ್ರೆ ಕನಸೇ ಎಂದು ನಾನೂ ಆಸೆ ಬಿಟ್ಟೆ.

ಎಣಿಕೆಯ ದಿನ ನೋಡಿದರೆ ಡಾಕ್ಟರು ಗೆದ್ದಿದ್ದರು, ಅದೂ ಭರ್ಜರಿಯಾಗಿ. ಸಂಜೆ ದುಧನಿ ಕಡೆಯ ಆ ಕುರಿಗಾರ ಮುದುಕ ಬಂದು ಡಾಕ್ಟರ ತಲೆಯ ಮೇಲೆ ಮುಷ್ಟಿಗಟ್ಟಲೆ ಭಂಡಾರ ಸುರಿದ. ಡಾಕ್ಟರು ಸುಮ್ಮನೆ ಹಾಕಿಸಿಕೊಳ್ಳಬಾರದೇ? ಹೋದ ಸಲ ಯಾಕೆ ಕೈ ಕೊಟ್ಟಿರಿ ಎಂದು ಕೇಳಿಯೇಬಿಟ್ಟರು.

"ಆವಾಗ ನೀವು ಮುಂಬೈಗೆ ಹೋಗಿದ್ರ ನಮ್ಮ ಜ್ವರ ಯಾರು ನೋಡತಿದ್ರು?" ಎಂದ ಮುದುಕ. "ಈಗ ಹೊಸ ಡಾಕ್ಟರ್ ಬಂದಾನ. ಸೂಜಿ ಚುಚ್ಚಿದ್ದೂ ಗೊತ್ತಾಗಂಗಿಲ್ಲ. ಇನ್ನ ನೀವು ಹಾಯಾಗಿ ಹೋಗ್ರಿ."

ಡಾಕ್ಟರ ಮುಖ ಸಣ್ಣದಾಯಿತು.

"ಹಂಗಾರ ನಾ ಬ್ಯಾಡಾಗಿ ಗೆದ್ದೆ."

ಹೇಗಾದರೂ ಗೆದ್ದಿರಲ್ಲ, ಹೋಗಿ ಆಸ್ಪತ್ರೆ ತನ್ನಿ, ಆ ಹೆಣ್ಣುಮಗಳು ಹೋದ ದಾರಿಯಲ್ಲಿ ಇನ್ನೊಬ್ಬಳು ಹೋಗದಿದ್ದರೆ ಸಾಕು ಎಂದೆ. ಅವರು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

ಅಷ್ಟರಲ್ಲಿ ಹಳೆಯ ಆಮದಾರರ ವಾಡೆಯಿಂದ ಆಳು ಓಡಿಬಂದ. ಸೋತ ಸುದ್ದಿ ಕೇಳಿ ಸಾಹೇಬರ ಬಿ.ಪಿ. ಏರಿದೆ, ನೀವೇ ಬರಬೇಕಂತೆ ಎಂದ. ಇದರಲ್ಲಿ ಏನೋ ಮಸಲತ್ತಿದೆ ಎಂದು ನಾನೂ ಬೆನ್ನು ಹತ್ತಿ ಹೋದೆ. ಆಮದಾರರು ಚಾದರ ಹೊದ್ದು ಎರಡೂ ಕೈ ಒಳಗೆ ಮುಚ್ಚಿಟ್ಟುಕೊಂಡು ಮಲಗಿದ್ದರು. ಹೊಸ ಡಾಕ್ಟರ್ ಬಿ.ಪಿ. ಯಂತ್ರ ಹಿಡಿದುಕೊಂಡು ಪಾಪ, ಕೈ ಹೊರಗೆ ಬರುವುದನ್ನೇ ಕಾಯುತ್ತಿದ್ದ. ನಮ್ಮ ಡಾಕ್ಟರನ್ನು ಕಂಡದ್ದೇ ಆಮದಾರರು ಬಲಗೈ ಚಾಚಿದರು. ಬಿಸಿನೀರು ತಾ ಎಂದು ಹುಡುಗನನ್ನು ಹೊರಗಟ್ಟಿದರು. ನೀವು ಮುಂಬೈಗೆ ಹೋಗಬೇಡಿ ಎಂದು ದಯನೀಯವಾಗಿ ಬೇಡಿಕೊಂಡರು.

ಮನೆಯಲ್ಲೇ ಡಾಕ್ಟರನನ್ನು ತಂದಿಟ್ಟುಕೊಂಡಿದ್ದೀರಿ, ಊರೆಲ್ಲ ಅವನನ್ನು ಹೊಗಳುತ್ತದೆ, ನಿಮಗೇನು ಚಿಂತೆ ಎಂದು ನಮ್ಮವರು ಕೇಳಿದರು. ಆಮದಾರರು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಅವನ್ನ ತಂದದ್ದು ನಿಮ್ಮನ್ನ ಸೋಲಸಾಕ್ರಿ, ನನ್ನ ನಾಡಿ ನೋಡಾಕಲ್ಲ."