ಪ್ರಸನ್ನಕುಮಾರರ ವೈರ್‌ಲೆಸ್ ಸಾಹಸ

ಹೊನ್ನಾಳಿಯ ಬಟ್ಟೆ ವ್ಯಾಪಾರಿ ಪ್ರಸನ್ನಕುಮಾರ್ ಆ ಭಾನುವಾರ ಬೆಳಿಗ್ಗೆ ಘೋರ ಶಪಥ ಮಾಡಿದರು. ಹೊಸದಾಗಿ ತರಿಸಿದ ವೈರ್‌ಲೆಸ್ ಗೇಮ್ ಕಂಟ್ರೋಲರನ್ನು ಕಂಪ್ಯೂಟರಿಗೆ ತಾವೇ ಜೋಡಿಸಬೇಕು. ಯಾವ ಮೆಕ್ಯಾನಿಕ್ಕಿನ ನೆರಳೂ ಅದರ ಮೇಲೆ ಬೀಳಕೂಡದು!

“ರೀ, ಡಬ್ಬಿಯೊಳಗಿರೋ ಕಾಗದನಾದ್ರೂ ಓದ್ರಿ,” ಎಂದರು ಹೆಂಡತಿ ಸಂಧ್ಯಾರಾಣಿ.

“ಇಡೀ ಅಂಗಡಿ ನಡೆಸೋನಿಗೆ ಈ ಆಟದ ಸಾಮಾನು ನಡೆಸಾಕೆ ಕಾಗದ ಬೇಕೇನೆ?”

ಬ್ಲೂಟೂತ್ ಆನ್ ಮಾಡಿದರು. ಪರದೆಯ ಮೇಲೆ ಯಾವುದೋ ಇಂಗ್ಲಿಷ್ ಹೆಸರು ಮೂಡಿತು. ಒತ್ತಿದರು. ‘ಕನೆಕ್ಟೆಡ್’ ಎಂದಿತು!

“ನೋಡಿದ್ಯಾ? ಚಿಟಿಕೆ ಹೊಡೆಯೋದ್ರಾಗೆ ಮುಗೀತು!”

ಕಾರ್ ರೇಸಿನ ಆಟ ತೆರೆದರು. ಕಾರುಗಳು ತಮ್ಮ ಪಾಡಿಗೆ ತಾವು ಓಡಿ ಒಂದಕ್ಕೊಂದು ಗುದ್ದಿಕೊಳ್ಳುತ್ತಿದ್ದವೇ ಹೊರತು, ಕಂಟ್ರೋಲರಿನ ಮಾತು ಒಂದೂ ಕೇಳಲಿಲ್ಲ. ಸದ್ದೂ ಇಲ್ಲ. ವಾಲ್ಯೂಮ್ ಪೂರ್ತಿ ಏರಿಸಿದರು. ಊಹೂಂ!

ಸದ್ದು ಹೋಗಿದ್ದು ಪಕ್ಕದ ಮನೆಗೆ! ಅಲ್ಲಿ ತಿಪ್ಪೇಶಪ್ಪನವರ ಮಗಳು ರಮ್ಯಶ್ರೀಯನ್ನು ನೋಡಲು ಜಗಳೂರಿನಿಂದ ಗಂಡಿನ ಕಡೆಯವರು ಬಂದಿದ್ದರು. ಭಕ್ತಿಗೀತೆ ಹಾಕಲೆಂದು ಆಗಷ್ಟೇ ಆನ್ ಮಾಡಿದ್ದ ಬ್ಲೂಟೂತ್ ಸ್ಪೀಕರ್ ಒಮ್ಮೆಲೇ ‘ಕಿರ್ರ್... ಢಮಾರ್!’ ಎಂದು ಗರ್ಜಿಸಿತು. ಗಂಡಿನ ತಂದೆ ಮಲ್ಲೇಶಪ್ಪ ಬಾಯಲ್ಲಿದ್ದ ಕೇಸರಿಬಾತನ್ನೂ ನುಂಗದೆ, “ಅಯ್ಯಯ್ಯೋ, ನನ್ನ ಹೊಸಾ ಕಾರು!” ಎಂದು ಬರಿಗಾಲಲ್ಲಿ ಬೀದಿಗೆ ಓಡಿದರು. ಕಾರಿನ ಮೇಲೆ ಒಂದು ಗೀರೂ ಇರಲಿಲ್ಲ. ಒಳಗೆ ಬಂದು ಕೂತರೋ ಇಲ್ಲವೋ, ಮತ್ತೆ ಢಮಾರ್! ಮತ್ತೆ ಓಟ!

ಮೂರನೆಯ ಢಮಾರಿಗೆ ಅವರ ಮುಖ ಕೆಂಪಾಯಿತು. “ಶಕುನ ಸರಿ ಇಲ್ಲ. ಏಳ್ರಿ ಎಲ್ರೂ, ಹೋಗಾಣ!”

ತಿಪ್ಪೇಶಪ್ಪ ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತರು. ಅಷ್ಟರಲ್ಲಿ ಹುಡುಗ ಪ್ರವೀಣ್ ಕುಮಾರನಿಗೆ ಆ ಸದ್ದಿನ ಪರಿಚಯ ಚೆನ್ನಾಗಿತ್ತು. “ಅಪ್ಪಾಜಿ, ಇದು ಕಾರ್ ಗೇಮು! ಅಕ್ಕಪಕ್ಕದಾಗೆ ಯಾರೋ ಆಡ್ತಾ ಅದಾರೆ.”

ಪಕ್ಕದ ಕಿಟಕಿಯಲ್ಲಿ ಪರದೆಯ ಮೇಲೆ ಓಡುವ ಕಾರುಗಳು ಕಂಡದ್ದೇ ತಡ, ಹೆಣ್ಣಿನ ಕಡೆ, ಗಂಡಿನ ಕಡೆ ಎಲ್ಲರೂ ಸೇರಿ ಪ್ರಸನ್ನಕುಮಾರರ ಮನೆಗೆ ದಂಡೆತ್ತಿ ಬಂದರು. ಪ್ರವೀಣ್ ಕಂಟ್ರೋಲರನ್ನು ತಿರುಗಿಸಿ ನೋಡಿದ.

“ಅಂಕಲ್, ಇದಕ್ಕೆ ಸೆಲ್ಲೇ ಹಾಕಿಲ್ವಲ್ರೀ?”

“ವೈರ್‌ಲೆಸ್ ಅಂದ್ಮೇಲೆ ಸೆಲ್ ಯಾಕ್ರೀ ಬೇಕು?”

ಅಷ್ಟೊತ್ತೂ ತಲೆತಗ್ಗಿಸಿಕೊಂಡಿದ್ದ ರಮ್ಯಶ್ರೀ ಕಿಸಕ್ಕನೆ ನಕ್ಕುಬಿಟ್ಟಳು. ನಕ್ಕವಳೇ ಮನೆಗೆ ಹೋಗಿ ಸೆಲ್ ತಂದು ಹಾಕಿ, ಪ್ರಸನ್ನಕುಮಾರರು ತಿಳಿಯದೆ ಜೋಡಿಸಿದ್ದ ತನ್ನ ಮನೆಯ ಸ್ಪೀಕರಿನ ಸಂಪರ್ಕ ಕಿತ್ತು, ಕಂಟ್ರೋಲರ್ ಜೋಡಿಸಿದಳು. “ಬರ್ರಿ, ಒಂದು ರೇಸ್ ನೋಡೇಬಿಡಾಣ,” ಎಂದು ಹುಡುಗನಿಗೆ ಕೀಬೋರ್ಡ್ ಕೊಟ್ಟಳು. ಅವನು ಸೋತ. ಮತ್ತೆ ಆಡಿದರು, ಮಾತಾಡಿದರು, ನಕ್ಕರು. ಹಿರಿಯರ ಕಾಫಿ ಮುಗಿಯುವಷ್ಟರಲ್ಲಿ ಇಬ್ಬರೂ ಒಪ್ಪಿಗೆ ಎಂದರು!

ತಿಪ್ಪೇಶಪ್ಪ ಎದ್ದು ಬಂದು ಕೈ ಮುಗಿದರು. “ಪ್ರಸನ್ನಣ್ಣ, ಈ ಸಂಬಂಧ ಕೂಡಿಸಿದ್ದು ನೀವೇ ನೋಡ್ರಿ!”

ಪ್ರಸನ್ನಕುಮಾರರ ಕೈ ತಾನಾಗಿಯೇ ಮೀಸೆಗೆ ಹೋಯಿತು. ಕಾಫಿ ಲೋಟ ಎತ್ತಿಕೊಳ್ಳುತ್ತಿದ್ದ ಸಂಧ್ಯಾರಾಣಿ ಹೇಳಿದರು: “ಹೌದ್ರಿ, ಕೂಡ್ಸಾದ್ರಾಗೆ ಇವ್ರು ಭಾರೀ ಗಟ್ಟಿಗ್ರು. ಯಾವ್ದನ್ನ ಯಾವ್ದಕ್ಕೆ ಕೂಡಿಸ್ತಾ ಅದೀನಿ ಅನ್ನೋದು ಮಾತ್ರ ಇವ್ರಿಗೇ ಗೊತ್ತಿರಲ್ಲ!”